ಕಟ್ಟು ಕಾಯಿಲೆಯವರಿಗೆ, ಕಾಳು ಎತ್ತಿಗೆ

ಹೋದ ವಾರ ಹುಣಸೂರಿನಲ್ಲಿ ನಮ್ಮ ಬೀದಿಯ ಹೆಂಗಸರನ್ನೆಲ್ಲ ಒಂದು ಪಡಸಾಲೆಯಲ್ಲಿ ಕೂರಿಸಿ, ಮೈಸೂರಿನಿಂದ ಬಂದ ನರ್ಸಮ್ಮ ಒಬ್ಬಳು ಊಟದ ವಿಷಯ ಮಾತಾಡಿದಳು. ಇದು ರೇಷನ್ನಿನ ಕಾಲ. ಅಕ್ಕಿ ಸಿಕ್ಕರೆ ಹಬ್ಬ. ಜನ ಸೊರಗಿದ್ದಾರೆ, ಸೊರಗಿದ ಮೈಗೆ ಚಳಿಜ್ವರ ಬೇಗ ಹತ್ತುತ್ತದೆ, ಆದ್ದರಿಂದ ಕಾಯಿಲೆಯನ್ನು ಎದುರಿಸುವ ಶಕ್ತಿ ಕೊಡುವಂಥದ್ದನ್ನು ಮನೆಯಲ್ಲೇ ಮಾಡಿ ತಿನ್ನಿ ಅಂತ ಅವಳ ಮಾತು. ಪಾಪ, ಚಿಕ್ಕ ಹುಡುಗಿ, ಚೆನ್ನಾಗಿಯೇ ಹೇಳಿದಳು. ನುಗ್ಗೆಸೊಪ್ಪು, ನೆಲ್ಲಿಕಾಯಿ, ರಾಗಿ, ಹುರುಳಿ, ಬೆಳ್ಳುಳ್ಳಿ, ಮೆಣಸು. ಹೇಳುತ್ತ ಹೇಳುತ್ತ ಒಂದು ಇದ್ದಿಲ ಒಲೆ ಹಚ್ಚಿ ಹುರುಳಿ ಬೇಯಿಸಲು ಇಟ್ಟಳು. ಪಕ್ಕದವಳು ಉತ್ಸಾಹದಿಂದ ತಲೆಯಾಡಿಸುತ್ತಿದ್ದಳು. ನನಗೆ ಯಾವುದಕ್ಕೂ ಉತ್ಸಾಹ ಉಳಿದಿಲ್ಲ, ಮಂಡಿನೋವು ಒಂದು ಬಿಟ್ಟರೆ ಏನೂ ನನ್ನನ್ನು ಎಬ್ಬಿಸುವುದಿಲ್ಲ.

ಹುರುಳಿ ಕುದಿ ಬಂತು. ಆ ಮಣ್ಣುಮಣ್ಣು ವಾಸನೆ, ಅದರ ಹಿಂದೆಯೇ ಜಜ್ಜಿದ ಮೆಣಸಿನ ಘಾಟು ಮೂಗಿಗೆ ಬಡಿಯಿತು ನೋಡಿ, ನನಗೆ ಅಲ್ಲಿ ಕೂರಲಾಗಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದೆ. "ಯಾಕಮ್ಮಾ, ಆಗಲೇ ಎದ್ದಿರಿ? ಇದನ್ನು ಕುಡಿದು ಹೋಗಿ, ಒಳ್ಳೆಯದು" ಎಂದಳು ನರ್ಸಮ್ಮ. "ಒಳ್ಳೇದು ಅಂತ ನಂಗೆ ಗೊತ್ತು ಕಣವ್ವಾ, ಇದರಲ್ಲೇ ಉಳ್ಕಂಡಿರೋಳು ನಾನು" ಎಂದು ಹೇಳಿ ಮೆಟ್ಟಿಲು ಇಳಿದೆ. ಮನೆಗೆ ಬಂದು ಮಲಗಿದರೂ ಅದೇ ವಾಸನೆ. ಇಷ್ಟು ವರ್ಷದ ಮೇಲೆ ಗಾವಡಗೆರೆಯ ಆ ಮನೆಯ ಅಡಿಗೆಮನೆ ಕಣ್ಣ ಮುಂದೆ ಬಂದು ನಿಂತಿತು.

ಆಗ ನಾನು ಮಿರ್ಲೆಯಿಂದ ಮದುವೆಯಾಗಿ ಬಂದು ಎರಡನೆಯ ವರ್ಷ. ನಮ್ಮ ತೌರಿನದು ನಾಲೆಯ ನೀರು, ಗದ್ದೆ, ಅಕ್ಕಿಯ ಊಟ. ಗಾವಡಗೆರೆಯಲ್ಲಿ ರಾಗಿ, ಹುರುಳಿ, ಅವರೆ. ಮೊದಮೊದಲು ಮುದ್ದೆ ನುಂಗಲು ಬರದೆ ಅಗಿಯುತ್ತಾ ಕೂತಿದ್ದರೆ ಮನೆಯವರೆಲ್ಲ ನಗುತ್ತಿದ್ದರು. ಮನೆಯಲ್ಲಿ ಮಾವ, ಅತ್ತೆ, ಭಾವ, ಭಾವನ ಹೆಂಡತಿ ದೇವಮ್ಮಣ್ಣಿ, ಆಮೇಲೆ ನಮ್ಮವರು ಮತ್ತು ನಾನು. ದೇವಮ್ಮಣ್ಣಿ ನನಗೆ ಓರಗಿತ್ತಿ, ಆದರೆ ನಾನು ಮೊದಲ ದಿನದಿಂದಲೂ ಅಕ್ಕ ಎಂದೇ ಕರೆದದ್ದು. ಮುದ್ದೆ ನುಂಗುವುದನ್ನು ಕಲಿಸಿದವಳು ಅವಳೇ. "ಅಲ್ಲು ಮರ್ತುಬುಡು ನೀಲಾ. ಗಂಟ್ಲು ಒಂದೇ ಅದೆ ಅಂದ್ಕ" ಎಂದು ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿ ತೋರಿಸುತ್ತಿದ್ದಳು. ಅವಳಿಗೆ ಮಕ್ಕಳಾಗಿರಲಿಲ್ಲ. ಅದಕ್ಕಾಗಿ ಅತ್ತೆ ಅವಳನ್ನು ನೇರವಾಗಿ ಏನೂ ಅನ್ನುತ್ತಿರಲಿಲ್ಲ, ಆದರೆ ಮನೆಯ ಕೆಲಸವೆಲ್ಲ ತಾನಾಗಿ ಅವಳ ಕಡೆಗೇ ಹರಿಯುತ್ತಿತ್ತು.

ಆ ವರ್ಷ ದಸರೆ ಕಳೆದ ಮೇಲೂ ಮಳೆ ಸರಿಯಾಗಿ ಬಿಡಲಿಲ್ಲ. ದಿನವಿಡೀ ಜಡಿ, ಅದರ ಜೊತೆಗೆ ಪಡುವಣ ಗಾಳಿ. ದೂರದಲ್ಲಿ ಎಲ್ಲೋ ದೊಡ್ಡ ಯುದ್ಧ ಮುಗಿಯುತ್ತಾ ಬಂದಿದೆ ಎನ್ನುತ್ತಿದ್ದರು. ಸಂತೆಗೆ ಹೋದವರು ಯುದ್ಧದ ಸುದ್ದಿಯ ಜೊತೆಗೆ ಜ್ವರವನ್ನೂ ಹೊತ್ತು ತಂದರು. ಯುದ್ಧದ ಜ್ವರ ಎಂದು ಕೆಲವರು, ಗಾಳಿ ಜ್ವರ ಎಂದು ಕೆಲವರು. ಮೈ ಕಾಯುವುದು, ಕೆಮ್ಮು, ಎದೆಯಲ್ಲಿ ಗೊರಗೊರ ಶಬ್ದ, ಅಷ್ಟೇ. ವಯಸ್ಸಾದವರು ತಡೆದುಕೊಂಡರೆ ಗಟ್ಟಿಮುಟ್ಟಾದ ಹರೆಯದವರು ಹೋಗಿಬಿಡುತ್ತಿದ್ದರು. ಊರಲ್ಲಿ ಹೆಣ ಹೊರಲು ಜನ ಸಾಲದೆ ಒಂದು ಮನೆಯವರು ಇನ್ನೊಂದು ಮನೆಯವರಿಗಾಗಿ ಕಾಯುತ್ತಿದ್ದರು. ಹೊಲದಲ್ಲಿ ರಾಗಿ ತೆನೆ ಬಾಗಿ ನಿಂತಿತ್ತು, ಕೊಯ್ಯುವವರಿಲ್ಲ.

ನಮ್ಮ ಮನೆಯಲ್ಲಿ ಮೊದಲು ಬಿದ್ದವಳು ನಾನು. ಬಸುರಿ ಬೇರೆ. ನನ್ನ ಹಿಂದೆ ನಮ್ಮವರು, ಭಾವ, ಮಾವ, ಕೊನೆಗೆ ಅತ್ತೆಯೂ ಮಲಗಿದರು. ಪಡಸಾಲೆಯ ತುಂಬ ಚಾಪೆ, ಕಂಬಳಿ, ನರಳಾಟ. ನಿಂತು ಓಡಾಡುತ್ತಿದ್ದವಳು ಅಕ್ಕ ಒಬ್ಬಳೇ. ಒಬ್ಬರನ್ನೂ ಕಳೆದುಕೊಳ್ಳದೆ ಈ ಜ್ವರ ದಾಟಬೇಕು ಎಂಬುದೊಂದೇ ಅವಳ ತಲೆಯಲ್ಲಿ ಇದ್ದದ್ದು.

ಹುಣಸೂರಿನ ಆಸ್ಪತ್ರೆಯಿಂದ ಯಾರೋ ತಂದುಕೊಟ್ಟ ಬಾಟಲಿಯ ಔಷಧ ಎರಡು ಸರದಿಗೆ ಮುಗಿಯಿತು. ಆಮೇಲೆ ನಮಗಿದ್ದ ಔಷಧವೆಲ್ಲ ಅಡಿಗೆಮನೆಯದೇ. ಅತ್ತೆ ಮಲಗಿದ್ದಲ್ಲಿಂದಲೇ ಹೇಳುವರು, ಅಕ್ಕ ಮಾಡುವಳು. ಬೆಳಗಾಗುವ ಮೊದಲೇ ದೊಡ್ಡ ಮಡಕೆಯಲ್ಲಿ ಹುರುಳಿ ಬೇಯಬೇಕು. ಅದು ನಮ್ಮ ಕಡೆ ಎಲ್ಲರ ಮನೆಯಲ್ಲೂ ನಡೆಯುವುದೇ: ಹುರುಳಿ ಬೇಯಿಸಿ, ಬಸಿದ ಕಟ್ಟನ್ನು ಸಾರಿಗೆ ಇಟ್ಟುಕೊಂಡು, ಬೆಂದ ಕಾಳನ್ನು ಎತ್ತಿಗೆ ಹಾಕುವುದು. ಕೊಯ್ಲಿನ ಕಾಲದಲ್ಲಿ ಎತ್ತಿಗೆ ಕಾಳು ತಪ್ಪಿಸುವಂತಿಲ್ಲ, ಒಕ್ಕಣೆಯೆಲ್ಲ ಅವುಗಳ ಹೆಗಲ ಮೇಲೆ. ಬಸಿದ ಕಟ್ಟಿಗೆ ಬೆಳ್ಳುಳ್ಳಿ, ಕೊಡಗಿನ ಕಡೆಯಿಂದ ಪಿರಿಯಾಪಟ್ಟಣದ ಸಂತೆಗೆ ಬರುವ ಕರಿಮೆಣಸು, ಚಿಟಿಕೆ ಅರಿಶಿನ ಹಾಕಿ ಕುದಿಸಿದರೆ ಮೂಗು ಕಟ್ಟಿದವನಿಗೂ ಘಾಟು ತಟ್ಟಬೇಕು. ಬಾವಿಯ ದಾರಿಯ ನುಗ್ಗೆಮರದಿಂದ ಸೊಪ್ಪು ಕಿತ್ತು ತಂದು ಬೇಯಿಸಿ ಬಸಿಯುವಳು. ನೆಲ್ಲಿಕಾಯಿ ಜಜ್ಜಿ ಮಜ್ಜಿಗೆಗೆ ಹಿಂಡುವಳು. ರಾಗಿ ಅಂಬಲಿ ಮಾಡಿ ಬೆಲ್ಲ ಸೇರಿಸಿ ನನಗೆ ಮಾತ್ರ ಬೇರೆ ಕುಡಿಸುವಳು. ನನಗೆ ಬಾಯೆಲ್ಲ ಕಹಿ, ಏನೂ ಬೇಡ.

"ಬ್ಯಾಡ ಅಂದ್ರೆ ಬುಡೋಳಲ್ಲ ನಾನು. ಬಾಯಿ ತೆಗಿ" ಎನ್ನುವಳು. "ನೀನು ಒಂಟೋದ್ರೆ ಈ ಪಾತ್ರೆಗಳ್ನ ಯಾರು ಬೆಳಗೋರು? ನಾನೊಬ್ಳೇ ಬೆಳಗ್ಲಾ? ಆಗಾಕಿಲ್ಲ ಕಣಮ್ಮಿ."

ನಾನು ನಗಲು ಹೋಗಿ ಕೆಮ್ಮುತ್ತಿದ್ದೆ. ಅವಳು ಬೆನ್ನು ನೀವುತ್ತಿದ್ದಳು. ನನ್ನ ತಾಯಿಯೂ ನನ್ನನ್ನು ಅಷ್ಟು ಮುದ್ದಿನಿಂದ ನೋಡಿಕೊಂಡಿರಲಿಲ್ಲ. ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ನಮ್ಮ ಮನೆಯಲ್ಲಿ ಊಟಕ್ಕೊಂದು ಸರದಿ ಇತ್ತು, ನಿಮ್ಮ ಮನೆಯಲ್ಲೂ ಇದ್ದಿರಬೇಕು. ಮಾವ ಲಿಂಗಪೂಜೆ ಮುಗಿಸಿ ಮೊದಲು ಕೂರುವರು, ಅವರ ಜೊತೆ ಗಂಡುಮಕ್ಕಳು. ಅವರು ಎದ್ದ ಮೇಲೆ ಅತ್ತೆ. ಅತ್ತೆಯ ನಂತರ ಸೊಸೆಯರು. ನಾನು ಬಸುರಿಯಾದ ಮೇಲೆ ಅತ್ತೆ ನನ್ನನ್ನು ತಮ್ಮ ಜೊತೆಗೇ ಕೂರಿಸಿಕೊಳ್ಳಲು ಶುರುಮಾಡಿದ್ದರು. ಹಾಗಾಗಿ ಕೊನೆಯ ಸರದಿಯಲ್ಲಿ ಅಕ್ಕ ಒಬ್ಬಳೇ ಉಳಿದಳು. ಜ್ವರದ ದಿನಗಳಲ್ಲಿ ಯಾರೂ ಎದ್ದು ಕೂತು ಉಣ್ಣುವ ಸ್ಥಿತಿಯಲ್ಲಿರಲಿಲ್ಲ, ಆದರೂ ಅವಳು ಆ ಸರದಿ ತಪ್ಪಿಸಲಿಲ್ಲ. ಮಾವನ ಬಾಯಿಗೆ ಹಾಕಿದ ಮೇಲೆ ಭಾವ, ಭಾವನ ಮೇಲೆ ನಮ್ಮವರು, ಹೀಗೆ ಸಾಲಾಗಿ ಬಂದು ತನ್ನ ಪಾಳಿಗೆ ಮುಟ್ಟುತ್ತಿದ್ದಳು.

ಅತ್ತೆಗೆ ಇನ್ನೊಂದು ಗುಣ. ಮಡಕೆಯಲ್ಲಿ ಎಷ್ಟಿತ್ತು, ಎಷ್ಟು ಉಳಿಯಿತು ಎಂದು ಕೇಳದಿದ್ದರೆ ಅವರಿಗೆ ನಿದ್ದೆ ಬಾರದು. ಜ್ವರದಲ್ಲೂ ಬಿಡಲಿಲ್ಲ.

"ಅಮ್ಮಣ್ಣೀ, ಸಾರು ಎಷ್ಟು ಮಿಕ್ತು?"

"ತಳ ಕಾಣ್ತಾ ಅದೆ ಅತ್ತೆಮ್ಮ."

"ಬೆಳಗ್ಗೆ ಕಂಠದಗಂಟ ಇತ್ತಲ್ಲ! ಯಾರ್ ಕುಡುದ್ರು?"

"ನಿಮ್ಮ ಮಕ್ಳು ಎರಡೆರಡು ದಪ ಬಡುಸ್ಕಂಡ್ರು. ನಾನು ಒಸಿ ಕೇಳಾವಾ ಅಂತ ಬೆಕ್ಕಿನ ಮೊಕ ನೋಡ್ದೆ, ಅದು ನಂಗಿಂತ ಮುಂಚೆ ಮೂತಿ ತಿರುಗಿಸ್ಕಂಡ್ತು."

ಅತ್ತೆ ಸಹ ನಕ್ಕುಬಿಟ್ಟರು. ನಾವೆಲ್ಲ ನಕ್ಕೆವು. ಅವಳು ತಮಾಷೆಯ ಹೆಂಗಸು, ಅವಳ ಮಾತಿಗೆ ನಗುವುದು ನಮಗೆಲ್ಲ ಅಭ್ಯಾಸ. ಅವಳಿಗೆ ಹಸಿವಾಗಿರಬಹುದು ಎಂದು ಯಾರ ಮನಸ್ಸಿಗೂ ಬರಲಿಲ್ಲ. ಒಲೆಯ ಮುಂದೆ ಇರುವವಳಿಗೆ ಹೊಗೆಯಲ್ಲೇ ಅರ್ಧ ಹೊಟ್ಟೆ ತುಂಬುತ್ತದೆ, ರುಚಿ ನೋಡುವುದರಲ್ಲಿ ಇನ್ನರ್ಧ ತುಂಬುತ್ತದೆ ಎಂದು ಅತ್ತೆ ಯಾವಾಗಲೂ ಹೇಳುವರು. ನಾವೂ ಹಾಗೇ ನಂಬಿದ್ದೆವು. ಆದರೆ ನಮ್ಮ ಮನೆಯಲ್ಲಿ ದೇವರಿಗೆ ಎಡೆ ಇಡುವ ಮೊದಲು ರುಚಿ ನೋಡುವಂತಿರಲಿಲ್ಲ. ಅಕ್ಕ ಉಪ್ಪನ್ನೂ ವಾಸನೆಯಲ್ಲೇ ಹೇಳುತ್ತಿದ್ದಳು.

ಒಬ್ಬೊಬ್ಬರಾಗಿ ಎದ್ದೆವು. ಎದುರು ಮನೆಯಲ್ಲಿ ಸಾವಾಯಿತು, ಹಿಂದಿನ ಬೀದಿಯಲ್ಲಿ ಒಂದು ಮನೆಗೆ ಮನೆಯೇ ಬಾಗಿಲು ಹಾಕಿತು, ನಮ್ಮ ಮನೆಯಲ್ಲಿ ಮಾತ್ರ ಎಲ್ಲರೂ ಎದ್ದು ಕೂತೆವು. ಅತ್ತೆಗೆ ಹೆಮ್ಮೆಯೋ ಹೆಮ್ಮೆ. ಬಾಗಿಲಿಗೆ ಬಂದವರಿಗೆಲ್ಲ, "ನಮ್ಮ ಮನೇಲಿ ಉರುಳಿಕಟ್ಟು ತಪ್ಪಿಸ್ಲಿಲ್ಲ ಕಣವ್ವಾ, ಅದಕೇ ಎಲ್ರೂ ಉಳುದ್ರು" ಎಂದು ಹೇಳುವರು. ಸುಳ್ಳಲ್ಲ. ಅದು ನಿಜವಾಗಿಯೂ ನಮ್ಮನ್ನು ಎತ್ತಿ ನಿಲ್ಲಿಸಿತ್ತು.

ಮಳೆ ನಿಂತು ಒಣ ಚಳಿ ಬಿದ್ದಿತು. ಗಂಡಸರು ಕುಡುಗೋಲು ಹಿಡಿದು ಹೊಲಕ್ಕಿಳಿದರು. ಜ್ವರ ಬಿಟ್ಟ ಮೇಲಿನ ಹಸಿವು ಗೊತ್ತಲ್ಲ, ಅದು ಮನುಷ್ಯರ ಹಸಿವಲ್ಲ. ಒಂದು ಮುದ್ದೆ ಉಣ್ಣುವ ಭಾವ ಮೂರು ಉಣ್ಣುವರು. ನಮ್ಮವರು ಸಾರಿನ ಬಟ್ಟಲನ್ನು ಕೆಳಗಿಡದೆ ಮತ್ತೆ ಒಡ್ಡುವರು. ನಾನಂತೂ ಎರಡು ಜೀವದವಳು, ಕೇಳಬೇಡಿ. ಅಕ್ಕ ಬಡಿಸುತ್ತಾ ಹೋದಳು. ಬೇಡ ಎನ್ನುವವರಿಲ್ಲ, ಸಾಕು ಎನ್ನುವವರಿಲ್ಲ.

ಒಂದು ಬೆಳಗ್ಗೆ ಹುರುಳಿ ಬಸಿಯುತ್ತಿದ್ದವಳು ಹಾಗೆಯೇ ಒಲೆಯ ಮುಂದೆ ಕುಸಿದಳು. ಮಡಕೆ ಒಡೆದು ಕಟ್ಟೆಲ್ಲ ನೆಲಕ್ಕೆ ಹರಿಯಿತು. ನಾನು ಓಡಿಹೋಗಿ ತೋಳು ಹಿಡಿದು ಎತ್ತಿದೆ. ಬಳೆಗಳು ಮಣಿಕಟ್ಟಿನಿಂದ ಜಾರಿ ಮೊಣಕೈ ದಾಟಿ ಮೇಲೆ ಹೋದವು. ಅಷ್ಟು ದಿನ ಅವಳು ಸೆರಗು ಹೊದ್ದು ಓಡಾಡುತ್ತಿದ್ದಳು, ಒಳಗೆ ಏನೂ ಉಳಿದಿಲ್ಲವೆಂದು ಯಾರಿಗೂ ತಿಳಿದಿರಲಿಲ್ಲ. ಮೈ ಕೆಂಡದ ಹಾಗೆ ಸುಡುತ್ತಿತ್ತು.

"ಕಟ್ಟು ಚೆಲ್ಲೋಯ್ತು ನೀಲಾ, ಅತ್ತೆಮ್ಮಂಗೆ ಏನೇಳ್ಲಿ" ಎಂದಳು. ಅವಳಿಗೆ ಆಗಲೂ ಅದೇ ಚಿಂತೆ.

ಅವತ್ತು ಅಡಿಗೆಗೆ ನಾನು ನಿಂತೆ. ಇನ್ನೊಂದು ಮಡಕೆಯಲ್ಲಿ ಹುರುಳಿ ಬೇಯಿಸಿ, ಕಾಳನ್ನು ಎತ್ತಿಗೆ ಕಳಿಸಿ, ಸಾರು ಮಾಡಿ ಬಡಿಸಿದೆ. ಮಾವ ಉಂಡರು, ಭಾವ ಉಂಡರು, ನಮ್ಮವರು ಉಂಡರು, ಅತ್ತೆಗೂ ಬಡಿಸಿದೆ. ಕೊನೆಗೆ ಅಕ್ಕನಿಗೆ ಕುಡಿಸೋಣ ಎಂದು ಸೌಟು ಹಾಕಿದರೆ ಮಡಕೆಯ ತಳ ಕೆರೆಯಿತು. ಸಾರಿಲ್ಲ. ಸೊಪ್ಪಿಲ್ಲ. ಮಜ್ಜಿಗೆಯ ಗಡಿಗೆ ಖಾಲಿ. ಇದ್ದದ್ದು ತಳ ಹಿಡಿದ ಮುದ್ದೆಯ ಚೂರು, ಉಪ್ಪು, ಒಂದು ಹಸಿಮೆಣಸಿನಕಾಯಿ. ಇಷ್ಟು ದಿನ ಅವಳ ಊಟ ಏನಾಗಿತ್ತು ಎಂದು ನನಗೆ ಆಗ ತಿಳಿಯಿತು.

ಹೊರಗೆ ಬಂದೆ. ಮಾವನ ಎದುರಿಗೆ ಅದುವರೆಗೆ ನಾನು ತುಟಿ ಬಿಚ್ಚಿದವಳಲ್ಲ. "ಮಾವಯ್ಯ, ಅಕ್ಕ ಇಷ್ಟು ದಿನ ಏನೂ ಉಂಡಿಲ್ಲ" ಎಂದೆ. "ಮಾಡಿದ್ದೆಲ್ಲ ನಮ್ಮ ಒಟ್ಟೇಲೇ ಅದೆ."

ಮಾವ ಅತ್ತೆಯ ಕಡೆ ತಿರುಗಿದರು. "ಏನು ತಿಂತಿದ್ಲು ಈ ಮಗು?"

"ಒಲೆ ಮುಂದೆ ಇರೋಳಿಗೆ..." ಎಂದು ಅತ್ತೆ ಶುರುಮಾಡಿದವರು ಅರ್ಧಕ್ಕೆ ನಿಲ್ಲಿಸಿದರು. ಅವರ ಮುಖ ನೋಡಲಾಗಲಿಲ್ಲ. ಎದ್ದು ನೇರವಾಗಿ ಕೊಟ್ಟಿಗೆಗೆ ಹೋಗಿ, ಭಾವನಿಗೆ "ಇನ್ಮೇಲೆ ಎತ್ತಿಗೆ ಬರೀ ಉಲ್ಲು ಆಕ್ಲಾ. ಕಾಳು ಮನೇಗೆ ಬೇಕು" ಎಂದರು. ಬಂದವರೇ ಕಾಳನ್ನು ಅರೆದು ಗಟ್ಟಿ ಸಾರು ಮಾಡಲು ತಾವೇ ಒರಳಿನ ಮುಂದೆ ಕೂತರು. ಜ್ವರದಿಂದ ಎದ್ದ ಮುದುಕಿ, ಗುಂಡುಕಲ್ಲನ್ನು ನನಗೆ ಮುಟ್ಟಗೊಡಲಿಲ್ಲ.

ಅಕ್ಕನಿಗೆ ಜ್ವರ ಇಡೀ ದಿನ ಏರಿಯೇ ಇರುತ್ತಿತ್ತು, ಬಾಯಿಗೆ ಹಾಕಿದ್ದು ಹಾಗೆಯೇ ಹೊರಗೆ ಬರುತ್ತಿತ್ತು. ಬೆಳಗಾಗುವ ಹೊತ್ತಿನಲ್ಲಿ ಮಾತ್ರ ಸ್ವಲ್ಪ ಇಳಿದು ಕಣ್ಣು ಬಿಡುವಳು. ಉಣಿಸುವುದಾದರೆ ಆ ಒಂದು ಗಳಿಗೆ. ಅದನ್ನು ಬಿಟ್ಟರೆ ಮತ್ತೆ ಮಾರನೆಯ ಬೆಳಗಿನ ತನಕ ಕಾಯಬೇಕು. ಮೊದಲ ಬೆಳಗ್ಗೆ ಅತ್ತೆ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತರು.

"ಉಣ್ಣವ್ವಾ, ಒಂದು ತುತ್ತು."

ಅಕ್ಕ ಸುತ್ತ ನೋಡಿದಳು. "ಮಾವಯ್ಯ ಉಂಡ್ರಾ?"

"ಈಗಿನ್ನೂ ಬೆಳಗಾಯ್ತಾ ಅದೆ, ಪೂಜೆ ಆಗ್ಬೇಕು. ನೀನು ಉಣ್ಣು."

"ಅವ್ರದು ಆಗ್ಲಿ ಅತ್ತೆಮ್ಮ."

ಅತ್ತೆ ಬೈದರು, ಗದರಿದರು, ಕೊನೆಗೆ ಕೈ ಹಿಡಿದು ಬೇಡಿದರು. ಅವಳು ಹಟ ಮಾಡುತ್ತಿರಲಿಲ್ಲ. ಒಂದು ತುತ್ತನ್ನು ಬಾಯಲ್ಲಿ ಇಟ್ಟುಕೊಂಡಳು. ನುಂಗಲು ನೋಡಿದಳು, ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. "ಗಂಟ್ಲಲ್ಲಿ ಇಳೀತಿಲ್ಲ ಕಣತ್ತೆಮ್ಮ" ಎಂದಳು. ನನಗೆ ಮುದ್ದೆ ನುಂಗಲು ಕಲಿಸಿದವಳು ಅವಳು. ಗಂಡಸರು ಉಣ್ಣುವ ಮೊದಲು ಉಣ್ಣುವುದು ಆ ಮೈಗೆ ಗೊತ್ತೇ ಇರಲಿಲ್ಲ. ಹಾಗೆ ನೋಡುತ್ತಾ ನೋಡುತ್ತಾ ಜ್ವರ ಏರಿತು, ಕಣ್ಣು ಮುಚ್ಚಿತು. ಆ ದಿನ ಹೊಟ್ಟೆಗೆ ಏನೂ ಬೀಳಲಿಲ್ಲ.

ನಮ್ಮ ಮಾವ ಬಹಳ ಬಿಗಿ ಮನುಷ್ಯ. ಸೊಸೆಯರ ಜೊತೆ ಮಾತು ಕಡಿಮೆ, ಅಡಿಗೆಮನೆಯ ಹೊಸಿಲು ತುಳಿದವರಲ್ಲ. ಸಂಜೆಯೆಲ್ಲ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದವರು ಒಳಗೆ ಬಂದು, "ಬೆಳಗ್ಗೆ ಎಲ್ರೂ ಅವಳ ಕಣ್ಣಿಗೆ ಬೀಳೋ ಅಂಗೆ ತಟ್ಟೆ ಇಟ್ಕಂಡು ಕೂತ್ಕಳಿ. ಉಂಡು ಆಗಿರೋ ತಟ್ಟೆ ಅಂಗಿರ್ಬೇಕು" ಎಂದರು. ಸುಳ್ಳು ಎಂದರೆ ಕೆಂಡವಾಗುತ್ತಿದ್ದ ಮನುಷ್ಯ ಹೇಳಿದ ಮಾತು ಇದು.

ಬೆಳಕು ಹರಿಯುವಾಗ ನಾನು ಸಾರು, ಮುದ್ದೆ ಎಲ್ಲ ಮಾಡಿಟ್ಟೆ. ತಟ್ಟೆಗಳಿಗೆ ಒಂದಿಷ್ಟು ಸಾರು ಬಳಿದು ಎಲ್ಲರ ಮುಂದೆ ಇಟ್ಟೆ. ಪಡಸಾಲೆಯಲ್ಲಿ ಮೂವರು ಗಂಡಸರು ಸಾಲಾಗಿ, ಹಸಿದ ಹೊಟ್ಟೆಯಲ್ಲಿ, ಎಂಜಲು ತಟ್ಟೆಯ ಮುಂದೆ ಕೂತರು. ಅಕ್ಕ ಕಣ್ಣು ಬಿಟ್ಟಳು. ಭಾವ ಎದ್ದು ಅಂಗಳದಲ್ಲಿ ಚೊಂಬಿನ ನೀರು ಸುರಿದು ಸದ್ದು ಮಾಡುತ್ತಾ ಕೈ ತೊಳೆದರು. ತೊಳೆದೇ ತೊಳೆದರು, ಮುಖ ಈ ಕಡೆ ತಿರುಗಿಸಲು ಅವರಿಂದ ಆಗಲಿಲ್ಲ. ಅಕ್ಕ ಮಾವನ ಕಡೆ ನೋಡಿದಳು. ಮಾವ ತಟ್ಟೆ ಸರಿಸಿ, ಹೊಟ್ಟೆಯ ಮೇಲೆ ಕೈಯಾಡಿಸಿ, ಗಟ್ಟಿಯಾಗಿ ತೇಗಿದರು. ಖಾಲಿ ಹೊಟ್ಟೆಯಲ್ಲಿ ಎಲ್ಲಿಂದ ಎಳೆದು ತಂದರೋ ಶಿವನಿಗೇ ಗೊತ್ತು, ಸೂರು ಅದುರುವಂಥ ತೇಗು.

ಅಕ್ಕನ ಮುಖದಲ್ಲಿ ನಗು ಬಂತು. "ಸಾರು ಮಾವಯ್ಯಂಗೆ ಒಗ್ಗಿದಂಗದೆ" ಎಂದಳು ಸಣ್ಣ ದನಿಯಲ್ಲಿ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ನಗು ಯಾವುದು, ಅಳು ಯಾವುದು ನನಗೇ ಗೊತ್ತಾಗಲಿಲ್ಲ.

"ನಿಂದು ಆಯ್ತಾ ನೀಲಾ?"

"ಆಯ್ತಕ್ಕ. ಎರಡು ದಪ ಬಡುಸ್ಕಂಡೆ."

"ಅತ್ತೆಮ್ಮಂದು?"

"ಎಲ್ರದೂ ಆಯ್ತು ಕಣವ್ವಾ" ಎಂದರು ಅತ್ತೆ. "ನಿಂದೊಂದೇ ಬಾಕಿ."

ಆಗ ಅವಳು ಬಾಯಿ ತೆರೆದಳು. ಅತ್ತೆ ಮುದ್ದೆಯನ್ನು ಸಾರಿನಲ್ಲಿ ಕದಡಿ, ತುತ್ತು ತುತ್ತಾಗಿ ಬಾಯಿಗೆ ಇಟ್ಟರು. ನುಂಗಿದಳು. ಇನ್ನೊಂದು ತುತ್ತು, ಅದನ್ನೂ ನುಂಗಿದಳು. ಅವಳು ನಿಧಾನವಾಗಿ, ತುಂಬಾ ಇಷ್ಟಪಟ್ಟು ಉಂಡಳು. ಅವಳು ಉಣ್ಣುವುದನ್ನು ಆ ಮನೆಯಲ್ಲಿ ನಾವೆಲ್ಲ ಕೂತು ನೋಡಿದ್ದು ಅದೇ ಮೊದಲು. ಬಟ್ಟಲು ಬರಿದಾದಾಗ, "ಉಪ್ಪು ಒಸಿ ಮುಂದಾಯ್ತು ನೀಲಾ" ಎಂದು ನನ್ನ ಕಡೆ ನೋಡಿ, ಗೋಡೆಯ ಕಡೆ ತಿರುಗಿ ಮಲಗಿದಳು. ಅತ್ತೆ ಹಣೆ ಮುಟ್ಟಿ ನೋಡಿ, "ಬೆವರು ಬತ್ತಾ ಅದೆ, ಉಳ್ಕತ್ತಾಳೆ" ಎಂದರು. ನಾವು ನಂಬಿದೆವು. ಅವಳ ನಿದ್ದೆ ಕೆಡಬಾರದೆಂದು ತಟ್ಟೆಯ ಸದ್ದು ಕೂಡ ಮಾಡದೆ ಇದ್ದಲ್ಲೇ ಕೂತೆವು. ಹೊಲಕ್ಕೆ ಯಾರೂ ಹೋಗಲಿಲ್ಲ. ಉಣ್ಣುವ ನೆನಪೂ ಯಾರಿಗೂ ಆಗಲಿಲ್ಲ.

ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಉಸಿರಿನ ಸದ್ದು ಬೇರೆಯಾಯಿತು. ಭಾವ ಅಂಗಳದಿಂದ ಓಡಿಬಂದು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅಷ್ಟರಲ್ಲೇ ಮುಗಿದುಹೋಯಿತು.

ಅಳು ಕೇಳಿ ಎದುರು ಮನೆಯ ಕೆಂಪಮ್ಮಣ್ಣಿ ಬಂದರು. ಅವರ ಮನೆಯಲ್ಲೂ ಸಾವಾಗಿತ್ತು, ಕಣ್ಣಲ್ಲಿ ನೀರು ಉಳಿದಿರಲಿಲ್ಲ. ಮೈ ತೊಳೆಯಲು ನೀರು ಕಾಯಿಸಬೇಕೆಂದು ಹಂಡೆ ಹುಡುಕುತ್ತಾ ಒಳಗೆ ಹೋದವರು ಅಡಿಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟರು. ಒಲೆಯ ಮೇಲೆ ತುಂಬಿದ ಸಾರಿನ ಮಡಕೆ. ಪಕ್ಕದಲ್ಲಿ ಕಟ್ಟಿಟ್ಟ ಮುದ್ದೆಗಳು ಒಂದೂ ಮುರಿಯದೆ ಹಾಗೆಯೇ ಇದ್ದವು.

"ಇದೇನವ್ವಾ ಇದು, ಮಾಡಿದ್ದೆಲ್ಲ ಅಂಗೇ ಅದೆ? ಯಾರೂ ಉಣ್ಣಲೇ ಇಲ್ವಾ?"

ಅತ್ತೆ ಅಕ್ಕನ ಬಾಯಿಯ ಅಂಚನ್ನು ಸೆರಗಿನಿಂದ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

"ಇಲ್ಲ ಕಣವ್ವಾ. ಇವತ್ತು ನನ್ನ ಸೊಸೆ ಎಲ್ರಿಗಿಂತ ಮುಂಚೆ ಉಂಡ್ಲು."